ಬಿಸ್ಕೀಟು ಕಾರ್ಖಾನೆ

ಹೋದ ಗುರುವಾರ ಮುಗಿಯಿತು ಕೊನೆಯ ಸಂದರ್ಶನ.
ಲೀಡ್ಸಿನ ನದಿಯಂಚು, ಒಂಬತ್ತನೇ ಮಹಡಿ,
ಗಾಜಿನ ಕೋಣೆ, ನಾಲ್ಕು ಜನ, ಒಂದು ಜಗ್ ನೀರು.
ನೀರು ಯಾರೂ ಕುಡಿಯಲಿಲ್ಲ.
ನನಗೆ ಬಾಯಾರಿತ್ತು. ಲೋಟ ಹಿಡಿದರೆ
ಕೈ ನಡುಗುವುದು ಕಂಡೀತೆಂದು ಸುಮ್ಮನಿದ್ದೆ.

‘ಸೋಮವಾರ, ತಪ್ಪಿದರೆ ಮಂಗಳವಾರ’ ಎಂದಿದ್ದಳು
ಎಚ್ಆರ್‌ನ ಫಿಲಿಪ್ಪಾ, ಲಿಫ್ಟಿನ ಬಾಗಿಲಿಗೆ ಕೈ ಅಡ್ಡವಿಟ್ಟು.
ಇವತ್ತು ಶುಕ್ರವಾರ.

ಆರ್ಮ್ಲಿಯ ಈ ಕೋಣೆಯ ಕೆಳಗೆ ಲಾಂಡ್ರಿ.
ದಿನವಿಡೀ ಯಂತ್ರಗಳು ಯಾರದೋ ಹೊದಿಕೆ ತಿರುವುತ್ತವೆ,
ನನ್ನ ನೆಲ ಸಣ್ಣಗೆ ನಡುಗುತ್ತದೆ,
ಮೇಜಿನ ಮೇಲೆ ಬೋರಲು ಮಲಗಿಸಿದ ಫೋನು
ಜುಂ ಎಂದು ಕೂದಲೆಳೆಯಷ್ಟು ಸರಿಯುತ್ತದೆ.
ಪ್ರತಿ ಸಲ ಎತ್ತಿ ನೋಡುತ್ತೇನೆ.
ಲಾಂಡ್ರಿ.

ಸಾಲ ತೀರಿಸದೆ ಕೈಯೆತ್ತುವವರು ನೂರಕ್ಕೆ ಎಷ್ಟು ಮಂದಿ,
ದಶಮಾಂಶದ ಮೂರನೇ ಮನೆಯವರೆಗೆ ಹೇಳಬಲ್ಲೆ,
ಹನ್ನೊಂದು ವರ್ಷದ ಕಸುಬು.
ಫಿಲಿಪ್ಪಾ ಫೋನು ಮಾಡುವಳೋ ಇಲ್ಲವೋ
ಅದಕ್ಕೆ ಕೋಷ್ಟಕವಿಲ್ಲ.
ಅವಳ ಹಳೆಯ ಈಮೇಲ್ ಮತ್ತೆ ತೆರೆಯುತ್ತೇನೆ:
ಕೊನೆಯಲ್ಲಿ ‘ವಾರ್ಮ್ ರಿಗಾರ್ಡ್ಸ್’. ಅದರ ಹಿಂದಿನದರಲ್ಲಿ ಬರೇ ‘ರಿಗಾರ್ಡ್ಸ್’.
ಬೆಚ್ಚಗಿನ ಈ ಒಂದು ಪದಕ್ಕೆ ಎಷ್ಟು ಅಂಕ ಹಾಕಲಿ?
ಜಂಕ್ ಪೆಟ್ಟಿಗೆಯನ್ನೂ ಜಾಲಾಡಿದೆ:
ಯಾರೋ ಸೋಫಾ ಮಾರುತ್ತಿದ್ದಾರೆ,
ಯಾರೋ ನನಗೆ ಸಾಲ ಕೊಡಲು ತುದಿಗಾಲಲ್ಲಿದ್ದಾರೆ.

ಕೊನೆಗೊಂದು ಕಡತ ಕೊಟ್ಟಿದ್ದರು, ಇಪ್ಪತ್ತು ನಿಮಿಷ.
ಒಂದು ಬಿಸ್ಕೀಟು ಕಾರ್ಖಾನೆ. ಬರೀ ಕಲ್ಪನೆಯದು.
ತೊಂಬತ್ತು ಕೆಲಸಗಾರರು, ಎರಡು ಹಳೆಯ ಒಲೆ,
ಹೊಸದಕ್ಕೆ ಸಾಲ ಕೇಳಿದ್ದಾರೆ. ಕೊಡಬಹುದೇ?
‘ಬೇಡ’ ಎಂದೆ.
ಬೆಣ್ಣೆಯ ಬೆಲೆ, ಗ್ಯಾಸಿನ ಬಿಲ್ಲು,
ಮೂರೇ ತಿಂಗಳಿಗೆ ಸಾಲುವ ನಗದು, ಒಬ್ಬನೇ ದೊಡ್ಡ ಗಿರಾಕಿ,
ಬೆರಳು ಮಡಚಿ ಮಡಚಿ ಹೇಳಿದೆ.
ಕಿಟಕಿಯ ಕಡೆ ಕೂತವನು ಮೊದಲ ಬಾರಿ ತಲೆಯೆತ್ತಿ
ಏನೋ ಬರೆದುಕೊಂಡ. ಖುಷಿಯಾಯಿತು.

ರಾಣೆಬೆನ್ನೂರಿನ ನಮ್ಮ ಖಾನಾವಳಿಯ ಗೋಡೆಗೆ ಬೋರ್ಡಿತ್ತು:
‘ಇಂದು ನಗದು, ನಾಳೆ ಉದ್ರಿ.’
ಅದರ ಕೆಳಗೇ ಕೂತು ಅವ್ವ ಉದ್ರಿ ಬರೆಯುತ್ತಿದ್ದಳು,
ಬೀಜದಂಗಡಿಯ ಹಮಾಲರಿಗೆ, ಲಾರಿ ತಪ್ಪಿದ ಕ್ಲೀನರನಿಗೆ,
ಹೆಸರು ಗೊತ್ತಿರದವರಿಗೆ ‘ಕರೀ ಕೊಡಿ’, ‘ಮುರುಕು ಹಲ್ಲು’ ಅಂತ.
ಯಾಕವ್ವಾ ಎಂದರೆ, ರೊಟ್ಟಿ ಬಡಿಯುತ್ತಲೇ,
‘ಹಸದಾವ್ನ ಲೆಕ್ಕ ಉಂಡ ಮ್ಯಾಲ ಮಾಡಬೇಕ, ಯವ್ವಾ.’
ಅರ್ಧಕ್ಕರ್ಧ ವಸೂಲಾಗಲಿಲ್ಲ.
ಆ ಪುಸ್ತಕ ನೋಡಿಯೇ ನಾನು ಲೆಕ್ಕ ಕಲಿತದ್ದು,
ಅದರ ವಿರುದ್ಧ.

ಮೊನ್ನೆಯಿಂದ ಆ ಕಾರ್ಖಾನೆ ತಲೆಯಿಂದ ಇಳಿಯುತ್ತಿಲ್ಲ.
ಕಡತದಲ್ಲಿಲ್ಲದ್ದೆಲ್ಲ ಕಾಣುತ್ತದೆ:
ಗೇಟಿಗೆ ಆನಿಸಿದ ಸೈಕಲ್ಲುಗಳು, ಹಿಟ್ಟು ಕೂತ ಹುಬ್ಬು,
ಬೆಳಗಿನ ಪಾಳಿಯ ಡೊರೀನ್, ತಲೆಗೆ ಬಲೆ ಬಿಗಿದು
ಒಲೆಯ ಬಾಗಿಲನ್ನು ಮೊಣಕಾಲಿನಿಂದ ನೂಕಿ ಮುಚ್ಚುವುದು,
ಮಾಲೀಕ, ಒಳಗಿನ ಕೋಣೆಯಲ್ಲಿ,
ಫೋನು ಬೋರಲು ಹಾಕಿ ಕೂತಿರುವುದು.
ಇಲ್ಲದ ಕಾರ್ಖಾನೆಯ ಇಲ್ಲದ ಮನುಷ್ಯ.
ನಾನು ಬೇಡವೆಂದದ್ದು
ಅವನಿಗಿನ್ನೂ ಯಾರೂ ಹೇಳಿಲ್ಲ.
ಸೋಮವಾರ ಎಂದಿರಬೇಕು. ತಪ್ಪಿದರೆ ಮಂಗಳವಾರ.

ಸಂಜೆ ಮಾರ್ಕೆಟ್ಟಿಗೆ ಹೋಗಿ ಒಡಕು ಬಿಸ್ಕೀಟು ತಂದೆ,
ತೂಕದ ಲೆಕ್ಕ, ಒಂದು ಪೌಂಡಿಗೆ ಚೀಲದ ತುಂಬ.
ಸಂಬಳ ನಿಂತು ಆರು ವಾರ,
ವೀಸಾದಲ್ಲಿ ಉಳಿದದ್ದು ಹತ್ತೊಂಬತ್ತು ದಿನ,
ನನಗೂ ಮೂರು ತಿಂಗಳ ನಗದು. ಒಬ್ಬನೇ ದೊಡ್ಡ ಗಿರಾಕಿ.
ನನ್ನ ಕಡತ ನನ್ನ ಕೈಗೇ ಬಂದಿದ್ದರೆ
ಇಪ್ಪತ್ತು ನಿಮಿಷವೂ ಬೇಕಿರಲಿಲ್ಲ.

ಕೆಳಗೆ ಕೊನೆಯ ಯಂತ್ರ ನಿಂತಿತು. ಶಟರು ಇಳಿಯಿತು.
ಚಹಕ್ಕೆ ಅದ್ದಿದ ತುಂಡು ಬೆರಳಿನಿಂದ ಕಳಚಿ ತಳ ಸೇರಿತು.

ಫೋನು ಸರಿಯಿತು.

ಲಾಂಡ್ರಿ ಮುಚ್ಚಿದೆ, ಗೊತ್ತು.
ಕೈತುಂಬ ಬಿಸ್ಕೀಟಿನ ಪುಡಿ.
ಒರೆಸಿಕೊಳ್ಳುತ್ತಿದ್ದೇನೆ.